ಹಲಗೂರು ಎಕ್ಸ್‌ಚೇಂಜಿನ ತಂಪು

ಮಂಡ್ಯ
1 ಏಪ್ರಿಲ್ 2025

ಶ್ರೀ ಮರಿಸಿದ್ದಯ್ಯನವರಿಗೆ
ಉಸ್ತುವಾರಿ, ಹಲಗೂರು ಟೆಲಿಫೋನ್ ಎಕ್ಸ್‌ಚೇಂಜ್

ನಮಸ್ಕಾರ.

ನಾನು ಅಮೃತ, ನುಡಿತಂತಿ ಟೆಲಿಕಾಂನ ಮಂಡ್ಯ ಕಚೇರಿಗೆ ಜನವರಿಯಲ್ಲಿ ಸೇರಿದ ಎಂಜಿನಿಯರ್. ನಿಮಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀವು "ಕಾಗದದಲ್ಲಿ ಬರೀರಿ" ಎಂದು ಹೇಳಿ ಇಟ್ಟುಬಿಟ್ಟಿರಿ. ಎಕ್ಸ್‌ಚೇಂಜಿನವರೇ ಫೋನಿನಲ್ಲಿ ಮಾತಾಡದಿದ್ದರೆ ಹೇಗೆ ಎಂದು ನಮ್ಮ ಮ್ಯಾನೇಜರ್ ಜಯಪ್ರಕಾಶ್ ಸರ್ ಹತ್ತಿರ ದೂರಿಕೊಂಡೆ. ಅವರು ಬೀರುವಿನಿಂದ 1998ರ ಕೈಪಿಡಿ ತೆಗೆದುಕೊಟ್ಟರು. ಅದರ ಹದಿನಾಲ್ಕನೇ ನಿಯಮ ಹೀಗಿದೆ: "ಯಾವುದೇ ಎಕ್ಸ್‌ಚೇಂಜನ್ನು ಮುಚ್ಚುವ ಮೊದಲು ಉಸ್ತುವಾರಿಯ ಪ್ರತಿಯೊಂದು ಆಕ್ಷೇಪಕ್ಕೂ ಅಂಚೆಯ ಮೂಲಕ ಲಿಖಿತ ಉತ್ತರ ಕೊಡತಕ್ಕದ್ದು." ಇದನ್ನು ರದ್ದು ಮಾಡಲು ಇದುವರೆಗೆ ಯಾರಿಗೂ ನೆನಪಾಗಿಲ್ಲವಂತೆ. ಹಾಗಾಗಿ ಜೀವನದಲ್ಲಿ ಮೊದಲ ಸಲ ಅಂಚೆ ಚೀಟಿ ಕೊಂಡಿದ್ದೇನೆ. ಗೋಂದು ಅದರ ಬೆನ್ನಿಗೇ ಇರುತ್ತದೆ ಎಂದು ನಮ್ಮ ಅಟೆಂಡರ್ ದೊಡ್ಡಸಿದ್ದಯ್ಯ ಹೇಳಿದ ಮೇಲೆ ಗೊತ್ತಾಯಿತು.

ವಿಷಯ ಇಷ್ಟು. ನಿಮ್ಮ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುತ್ತ ಉಳಿದಿರುವ ಕೊನೆಯ ಪೆಟ್ಟಿಗೆಯ ಕೆಲಸವನ್ನು ಇನ್ನು ಮುಂದೆ ಬೆಂಗಳೂರಿನ ಡೇಟಾ ಸೆಂಟರಿನ ಕಂಪ್ಯೂಟರುಗಳು ಮಾಡುತ್ತವೆ. ಏಪ್ರಿಲ್ 15ಕ್ಕೆ ಪೆಟ್ಟಿಗೆಯನ್ನೂ ಅದರ ಎರಡು ಎಸಿಗಳನ್ನೂ ಇಲ್ಲಿಂದಲೇ ಆರಿಸುತ್ತೇವೆ. ನೀವು ಬಾಗಿಲಿಗೆ ಬೀಗ ಹಾಕಿ ಕೀಲಿ ಕಳುಹಿಸಿದರೆ ಸಾಕು.

ಇತಿ,
ಅಮೃತ


ಹಲಗೂರು
5 ಏಪ್ರಿಲ್ 2025
(ಕರಡು. ಕಳುಹಿಸಲಿಲ್ಲ.)

ಮಗಳೇ ಅಮೃತ,

ಏಪ್ರಿಲ್ ಒಂದನೇ ತಾರೀಖಿನ ಕಾಗದವಾದ್ದರಿಂದ ಮೊದಲು ನಂಬಲಿಲ್ಲ. ಎರಡನೇ ಸಲ ಓದಿದಾಗ ನಿಜವೆಂದು ತಿಳಿಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಈ ಹಾಲಿನಲ್ಲಿ ಹನ್ನೊಂದು ಪೆಟ್ಟಿಗೆಗಳಿದ್ದವು, ಒಂದೊಂದೂ ಬೀರುವಿನಷ್ಟು ಎತ್ತರ. ಆಮೇಲೆ ನಾಲ್ಕಾದವು. ಈಗ ಒಂದೇ ಒಂದು, ಅದೂ ನಮ್ಮ ಮನೆಯ ರಾಗಿ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಆದರೆ ಎಸಿಗಳು ಮಾತ್ರ ಹನ್ನೊಂದಕ್ಕೆ ಆಗುವಷ್ಟು ತಂಪನ್ನು ಇನ್ನೂ ಊದುತ್ತಿವೆ. ಕಟ್ಟಡ ಇರುವುದು ನನ್ನ ಹೆಂಡತಿ ಪಟ್ಟಲಮ್ಮನ ತಂದೆಯ ಜಾಗದಲ್ಲಿ. ಅವಳು ರೇಷ್ಮೆ ಹುಳು ಸಾಕುತ್ತಾಳೆ. ಹೋದ ಎರಡು ಬೇಸಿಗೆಯೂ ನಮ್ಮ ಶೀಟಿನ ಮನೆಯ ಕಾವಿಗೆ ಹುಳುಗಳೆಲ್ಲ ಸತ್ತುಹೋದವು. ಅವಳ ಓರಗಿತ್ತಿ ಹತ್ತು ಜನರ ಮುಂದೆ "ಪಟ್ಟಲಮ್ಮನ ಕೈಗೆ ಉಳ ಒಗ್ಗಾಕಿಲ್ಲ" ಎಂದುಬಿಟ್ಟಳು. ಅವತ್ತು ಇವಳು ಅಳಲಿಲ್ಲ, ಬಯ್ಯಲೂ ಇಲ್ಲ. ಬೈಗುಳದಲ್ಲಿ ಯಾರಿಗೂ ಕಡಿಮೆಯಿಲ್ಲದ ಹೆಂಗಸು ಸುಮ್ಮನಾದದ್ದು ಕಂಡು ನನಗೇ ಹೆದರಿಕೆಯಾಯಿತು.

ಅದಕ್ಕೆ ನಿನ್ನೆ ಇಪ್ಪತ್ತು ಸಾವಿರ ಮರಿಹುಳುಗಳನ್ನು ತಂದು ಎಕ್ಸ್‌ಚೇಂಜಿನ ಖಾಲಿ ಜಾಗದಲ್ಲಿ ತಟ್ಟೆಗಳಲ್ಲಿ ಇಟ್ಟಿದ್ದೇವೆ. ದಿನಕ್ಕೆ ನಾಲ್ಕು ಹೊತ್ತು ಹಿಪ್ಪುನೇರಳೆ ಸೊಪ್ಪು. ನಡುವೆ ಎರಡು ಸಲ ಅವು ಪೊರೆ ಬಿಡುತ್ತವೆ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆ ದಿನ ಸೊಪ್ಪೂ ಇಲ್ಲ, ಬಾಗಿಲೂ ತೆಗೆಯುವಂತಿಲ್ಲ. ಇಪ್ಪತ್ತೊಂದರ ಹೊತ್ತಿಗೆ ಗೂಡು ಕಟ್ಟಲು ಶುರು, ಇಪ್ಪತ್ತೇಳಕ್ಕೆ ಗೂಡು ಬಿಡಿಸುವುದು. ನೀವು ಹದಿನೈದಕ್ಕೆ ತಂಪು ನಿಲ್ಲಿಸಿದರೆ ಹದಿನಾರಕ್ಕೆ ಇಪ್ಪತ್ತು ಸಾವಿರ ಹೆಣ.

ಇಷ್ಟು ಬರೆದು ಪಟ್ಟಲಮ್ಮನಿಗೆ ಓದಿ ಹೇಳಿದೆ. ಅವಳು ಹೇಳಿದ್ದು:

"ಲೋ ಅಯೋಗ್ಯ, ಕಳ್ಳ ತಾನೇ ಓಗಿ ಪೋಲೀಸ್ ಸ್ಟೇಸನ್ ಬಾಗ್ಲು ತಟ್ದಂಗಾಯ್ತಲ್ಲೋ. ಉಳದ ಸುದ್ದಿ ಬರೀಬ್ಯಾಡ. ಇನ್ನೇನಾರಾ ಬರಿ. ಮೂವತ್ ವರ್ಸ ಊರೋರ್ ಮಾತ್ನೆಲ್ಲ ತಂತೀಲಿ ಕೇಳಿದ್ದೀಯ, ಒಂದ್ ಕಾಗ್ದಕ್ಕಾಗೋಷ್ಟು ಸುಳ್ಳು ಕಲೀನಿಲ್ವಾ?"


ಹಲಗೂರು
5 ಏಪ್ರಿಲ್ 2025
(ಕಳುಹಿಸಿದ್ದು)

ಮಾನ್ಯ ಎಂಜಿನಿಯರ್ ಮೇಡಂ ಅವರಿಗೆ,

ತಮ್ಮ ಪತ್ರ ತಲುಪಿತು. ನಿಯಮ ಹದಿನಾಲ್ಕರ ಅನ್ವಯ ನನ್ನ ಮೊದಲ ಆಕ್ಷೇಪವನ್ನು ಈ ಮೂಲಕ ಸಲ್ಲಿಸುತ್ತಿದ್ದೇನೆ.

ಇಲ್ಲಿ ಕಣ್ಣಿಗೆ ಕಾಣುವ ಪೆಟ್ಟಿಗೆ ಇದೆ. ಅದನ್ನು ಆರಿಸಿ, ಕಣ್ಣಿಗೆ ಕಾಣದ ಕಡೆ ಕೆಲಸ ನಡೆಯುತ್ತದೆ ಎನ್ನುತ್ತಿದ್ದೀರಿ. ಕಾಣದ್ದನ್ನು ನಂಬಲು ಇದೇನು ದೇವರೇ? ಕೆಲಸ ಎಲ್ಲಿಗೆ ಹೋಗುತ್ತದೆ, ಹೇಗೆ ಹೋಗುತ್ತದೆ, ಹೋದದ್ದು ಹಿಂದಕ್ಕೆ ಬರುತ್ತದೆಯೇ ಎಂಬುದನ್ನು ವಿವರವಾಗಿ ಬರೆಯಬೇಕು. ಅವಸರವಿಲ್ಲ. ನಿಧಾನವಾಗಿ, ಸವಿಸ್ತಾರವಾಗಿ ಬರೆಯಿರಿ.

ತಮ್ಮ ವಿಶ್ವಾಸಿ,
ಮರಿಸಿದ್ದಯ್ಯ


ಮಂಡ್ಯ
9 ಏಪ್ರಿಲ್ 2025

ಮರಿಸಿದ್ದಯ್ಯನವರಿಗೆ ನಮಸ್ಕಾರ.

ಇಂಥ ಪ್ರಶ್ನೆ ಕೇಳಿದ ಮೊದಲ ಉಸ್ತುವಾರಿ ನೀವು. ಮದ್ದೂರಿನವರು ಕೀಲಿಯನ್ನು ಬಸ್ಸಿನಲ್ಲಿ ಕಳುಹಿಸಿ ಕೈ ತೊಳೆದುಕೊಂಡರು.

ಹಿಂದೆ ಫೋನಿನ ಜಾಲದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ. ಕರೆ ಜೋಡಿಸಲು ಒಂದು, ನಂಬರು ಸರಿಯೇ ಎಂದು ನೋಡಲು ಒಂದು, ಕಳ್ಳರನ್ನು ತಡೆಯಲು ಇನ್ನೊಂದು. ಪೆಟ್ಟಿಗೆ ಕೆಟ್ಟರೆ ಅದನ್ನು ಮಾಡಿದ ಕಂಪನಿಯವನೇ ಬರಬೇಕು. ಹೊಸ ಸೇವೆ ಬೇಕೆಂದರೆ ಹೊಸ ಪೆಟ್ಟಿಗೆ, ಅದು ಬರಲು ವರ್ಷ. ಈಗ ಆ ಕೆಲಸಗಳೆಲ್ಲ ಬರೀ ಪ್ರೋಗ್ರಾಂಗಳು. ಸಾಧಾರಣ ಕಂಪ್ಯೂಟರುಗಳ ಮೇಲೆ ಓಡುತ್ತವೆ. ಹಬ್ಬದ ದಿನ ಕರೆಗಳು ಹೆಚ್ಚಾದರೆ ಒಂದು ಪ್ರೋಗ್ರಾಂ ನಾಲ್ಕಾಗುತ್ತದೆ, ಮಾರನೇ ದಿನ ಮತ್ತೆ ಒಂದಾಗುತ್ತದೆ. ಇದಕ್ಕೆ ನಾವು ಕ್ಲೌಡ್, ಅಂದರೆ ಮೋಡ ಎನ್ನುತ್ತೇವೆ. ನಿಮ್ಮ ಕಡೆ ಹರಿಶ್ಚಂದ್ರ, ಕುರುಕ್ಷೇತ್ರ ಆಡುತ್ತಾರಲ್ಲ, ಹಾಗೆ. ಪೆಟ್ಟಿಗೆ ಎಂದರೆ ಜೀವಮಾನವಿಡೀ ಭೀಮನ ಪಾತ್ರವೊಂದನ್ನೇ ಮಾಡುವ ನಟ. ನಮ್ಮ ಕಂಪ್ಯೂಟರು ವೇಷ ಬದಲಿಸಿ ಯಾವ ಪಾತ್ರವನ್ನಾದರೂ ಮಾಡುವ ನಟ. ನಾಳೆ ಮಧ್ಯಾಹ್ನ ಇದರದ್ದೊಂದು ಪರೀಕ್ಷೆ ಇದೆ. ನಿಮಗೇನೂ ತಿಳಿಯುವುದಿಲ್ಲ.

ಈಗ ನನ್ನದೊಂದು ಪ್ರಶ್ನೆ. ನಿಮ್ಮ ಕೋಣೆಯಲ್ಲಿರುವ ಸೆನ್ಸರುಗಳು ಇಲ್ಲಿಗೆ ಲೆಕ್ಕ ಕಳುಹಿಸುತ್ತಿರುತ್ತವೆ. ಏಪ್ರಿಲ್ 4ರಿಂದ ಗಾಳಿಯ ತೇವಾಂಶ ನಲವತ್ತೈದರಿಂದ ಎಪ್ಪತ್ತೆಂಟಕ್ಕೆ ಏರಿದೆ. ಎಸಿಯನ್ನು ಇಪ್ಪತ್ತೆರಡರಿಂದ ಇಪ್ಪತ್ತೈದಕ್ಕೆ ಯಾರೋ ತಿರುಗಿಸಿದ್ದಾರೆ. ಮೊದಲು ತಿಂಗಳಿಗೊಮ್ಮೆ ತೆರೆಯುತ್ತಿದ್ದ ಬಾಗಿಲು ಈಗ ದಿನಕ್ಕೆ ನಾಲ್ಕು ಸಲ ತೆರೆಯುತ್ತಿದೆ. ಏನು ನಡೆಯುತ್ತಿದೆ?

ಅಮೃತ


ಹಲಗೂರು
12 ಏಪ್ರಿಲ್ 2025

ಮಾನ್ಯ ಮೇಡಂ ಅವರಿಗೆ,

ತಮ್ಮ ವಿವರಣೆಯನ್ನು ಮೂರು ಸಲ ಓದಿದೆ. ಒಬ್ಬನೇ ನಟ ಎಲ್ಲ ಪಾತ್ರ ಮಾಡುವ ವಿಚಾರ ಹಲಗೂರಿಗೆ ಹೊಸದಲ್ಲ. 2011ರಲ್ಲಿ ವಿದುರನ ಪಾತ್ರಧಾರಿ ಕೈಕೊಟ್ಟಾಗ ಶಕುನಿಯಾಗಿದ್ದ ನಾಗರಾಜುವೇ ವಿದುರನೂ ಆದ. ತುಂಬಿದ ಸಭೆಯಲ್ಲಿ ಜೂಜು ಕೆಟ್ಟದ್ದೆಂದು ಬುದ್ಧಿ ಹೇಳುವಾಗ ಶಕುನಿಯ ಮೀಸೆ ತೆಗೆಯಲು ಮರೆತಿದ್ದ, ಕೈಯಲ್ಲಿ ದಾಳವೂ ಇತ್ತು. ಧೃತರಾಷ್ಟ್ರ ಹೇಗೂ ಕುರುಡ, ಪರವಾಗಿಲ್ಲ ಎಂದು ಹಾರ್ಮೋನಿಯಂ ಮೇಷ್ಟ್ರು ಮುಂದುವರಿಸಿದರು. ಜನ ಇವತ್ತಿಗೂ ಮರೆತಿಲ್ಲ. ತಮ್ಮ ಮೋಡವೂ ಹೀಗೆ ಮೀಸೆ ತೆಗೆಯಲು ಮರೆತರೆ ಜವಾಬ್ದಾರಿ ಯಾರದು? ಇದು ನನ್ನ ಎರಡನೇ ಆಕ್ಷೇಪ.

ಮೂರನೆಯದು. ತಾವು ಆ ಪೆಟ್ಟಿಗೆಯನ್ನು ಆರಿಸಿದ ಕ್ಷಣ ಹಲಗೂರು ಮೂಕವಾಗುತ್ತದೆ. ನಿನ್ನೆ ತಾನೇ ನನ್ನ ಭಾಮೈದ ಚಿಕ್ಕಬೋರಯ್ಯ ಆತಗೂರಿನಿಂದ ಫೋನ್ ಮಾಡಿದ್ದ. ಪಕ್ಕದ ಜಗಲಿಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟ. ಅವನ ಹಸು ಕೂಗಿದ್ದೂ ಕೇಳಿಸಿತು. ಅದು ನಮ್ಮ ಪೆಟ್ಟಿಗೆಯ ಪುಣ್ಯ. ತಮ್ಮ ಮೋಡದಿಂದ ಇಂಥ ದನಿ ಬಂದೀತೇ?

ತೇವಾಂಶದ ಬಗ್ಗೆ ಕೇಳಿದ್ದೀರಿ. ನಾನು ದಿನವೂ ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತೇನೆ. ಎಸಿಯನ್ನು ತಿರುಗಿಸಿದ್ದು ನಾನೇ, ವಯಸ್ಸಾಯಿತು, ಚಳಿ ತಡೆಯುವುದಿಲ್ಲ. ಇನ್ನು ಬಾಗಿಲು. ಬೆಳಿಗ್ಗೆ ಆರಕ್ಕೆ, ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ, ಎಂಟಕ್ಕೆ ನಾನು ಒಳಗೆ ಹೋಗಿ ಪೆಟ್ಟಿಗೆಯನ್ನು ನೋಡಿಕೊಂಡು ಬರುತ್ತೇನೆ. ಒಂದೊಂದು ಸಲಕ್ಕೂ ನಲವತ್ತು ನಿಮಿಷ ಹಿಡಿಯುತ್ತದೆ. ಇಪ್ಪತ್ತೆಂಟು ವರ್ಷ ಅನ್ನ ಕೊಟ್ಟದ್ದು ಅದು. ಹೋಗುವ ಮೊದಲು ಸ್ವಲ್ಪ ಹೊತ್ತು ಎದುರಿಗೆ ಕೂತು ಬರಬೇಕೆನಿಸುತ್ತದೆ.

ತಮ್ಮ ವಿಶ್ವಾಸಿ,
ಮರಿಸಿದ್ದಯ್ಯ


ಮಂಡ್ಯ
15 ಏಪ್ರಿಲ್ 2025

ಪ್ರೀತಿಯ ಮರಿಸಿದ್ದಯ್ಯನವರಿಗೆ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ನಾಗರಾಜುವಿನ ಮೀಸೆಗೆ ಎಲ್ಲರೂ ನಕ್ಕರು. ಕೊನೆಯ ಸಾಲುಗಳನ್ನು ಕೇಳಿ ಜಯಪ್ರಕಾಶ್ ಸರ್ ಕನ್ನಡಕ ಒರೆಸಿಕೊಂಡರು. ಆಮೇಲೆ ನಿಮ್ಮ ಬಾಗಿಲಿನ ಲೆಕ್ಕವನ್ನು ಗ್ರಾಫ್ ಮಾಡಿಸಿ, ಕೆಳಗೆ "ನಿಷ್ಠೆ ಎಂದರೆ ಇದು" ಎಂದು ಬರೆಸಿ ಗೋಡೆಗೆ ಅಂಟಿಸಿದ್ದಾರೆ. ಆರು, ಹನ್ನೊಂದು, ನಾಲ್ಕು, ಎಂಟು. ಒಂದು ದಿನವೂ ಹತ್ತು ನಿಮಿಷ ಆಚೀಚೆ ಇಲ್ಲ. ಎಂಟನೇ ತಾರೀಖು ಮತ್ತು ಹನ್ನೆರಡನೇ ತಾರೀಖು ಮಾತ್ರ ನೀವು ಇಡೀ ದಿನ ಒಳಗೆ ಹೋಗಿಲ್ಲ. ಜ್ವರ ಬಂದಿತ್ತೇ? ದಯವಿಟ್ಟು ಆರೋಗ್ಯ ನೋಡಿಕೊಳ್ಳಿ.

ನಿಮ್ಮಂಥವರನ್ನು ಸುಮ್ಮನೆ ಕೀಲಿ ಕೇಳಿ ಕಳುಹಿಸುವುದು ಸರಿಯಲ್ಲ ಎಂದು ಸರ್ ತೀರ್ಮಾನಿಸಿದ್ದಾರೆ. ಪೆಟ್ಟಿಗೆ ಆರಿಸುವುದನ್ನು 25ಕ್ಕೆ ಮುಂದೂಡಿದ್ದಾರೆ. ಅವತ್ತು ನಾವೇ ಹಲಗೂರಿಗೆ ಬಂದು ನಿಮಗೆ ಶಾಲು, ಪೇಟ, ಹಾರ ಹಾಕಿ, ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿ ವಿಡಿಯೊ ಮಾಡುತ್ತೇವೆ. ನಿಮ್ಮ ಹಳೆಯ ಲಾಗ್ ಬುಕ್ಕನ್ನು ಪಾರ್ಸೆಲ್ಲಿನಲ್ಲಿ ಕಳುಹಿಸಿಕೊಡಿ, ಪ್ರದರ್ಶನಕ್ಕೆ ಇಡಬೇಕು.

ಇನ್ನೊಂದು ವಿಷಯ ಬರೆಯಬೇಕೆಂದು ಕೂತಿದ್ದೆ. ನಿಮ್ಮ ಪತ್ರ ಓದಿದ ಮೇಲೆ ಈಗ ಬೇಡ ಅನಿಸಿತು.

ಅಮೃತ


ಹಲಗೂರು
21 ಏಪ್ರಿಲ್ 2025

ಮಾನ್ಯ ಮೇಡಂ ಅವರಿಗೆ,

ಕೈ ಬಿಡುವಿಲ್ಲ, ಚಿಕ್ಕದಾಗಿ ಬರೆಯುತ್ತೇನೆ.

ಶಾಲು ಬೇಡ. ಪೇಟ ಬೇಡ. ವಿಡಿಯೊ ಅಂತೂ ಬೇಡವೇ ಬೇಡ. ಇಪ್ಪತ್ತೈದು ಅಮಾವಾಸ್ಯೆಯ ಹತ್ತಿರ, ಇಪ್ಪತ್ತೇಳಕ್ಕೆ ಅಮಾವಾಸ್ಯೆ. ಯಾವ ಯಂತ್ರವನ್ನೂ ಅಮಾವಾಸ್ಯೆಗೆ ಮುಂಚೆ ಆರಿಸಬಾರದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹಿರಿಯರ ಕಾಲದಲ್ಲಿ ಯಂತ್ರವಿತ್ತೇ ಎಂದು ಕೇಳಬೇಡಿ. ಇಪ್ಪತ್ತೆಂಟಕ್ಕೆ ಬನ್ನಿ, ಹೋಳಿಗೆ ಮಾಡಿಸುತ್ತೇನೆ. ಇದು ನಾಲ್ಕನೇ ಆಕ್ಷೇಪ, ಉತ್ತರ ಅಂಚೆಯಲ್ಲೇ ಬರಬೇಕು.

ಮೇಡಂ, ಒಂದು ಮಾತು ನೇರವಾಗಿ ಕೇಳುತ್ತೇನೆ. ಈ ಸನ್ಮಾನ ಎಂದರೆ ತನಿಖೆಯೇ? ಬಾಗಿಲಿನ ಗ್ರಾಫನ್ನು ಗೋಡೆಗೆ ಅಂಟಿಸಿದ್ದೀರಿ ಎಂದು ಓದಿದ ಮೇಲೆ ನನಗೆ ಮುದ್ದೆ ಇಳಿಯುತ್ತಿಲ್ಲ. ಪಟ್ಟಲಮ್ಮ ಎಂಬುವಳು ನನ್ನ ಮನೆಯವಳು. "ಕುಂಬಳಕಾಯಿ ಕಳ್ಳ ಅಂದ್ರೆ ಎಗಲ್ ಯಾಕ್ ಮುಟ್ಕಳ್ತೀಯ, ಸುಮ್ಕೆ ಬರಿ" ಎನ್ನುತ್ತಾಳೆ.

ಜ್ವರವಿತ್ತೇ ಎಂದು ಕೇಳಿದ್ದೀರಿ. ಇತ್ತು. ಎಂಟಕ್ಕೊಂದು, ಹನ್ನೆರಡಕ್ಕೊಂದು. ಈಗ ಎಲ್ಲರೂ ಚೆನ್ನಾಗಿದ್ದಾರೆ.

ಲಾಗ್ ಬುಕ್ಕನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸಿದ್ದೇನೆ. ಎಕ್ಸ್‌ಚೇಂಜಿನ ನೆಲದ ಮೇಲೇ ಇಟ್ಟು ಕಟ್ಟಿದ್ದು, ಸ್ವಲ್ಪ ಧೂಳು ಇದ್ದರೆ ಒರೆಸಿಕೊಳ್ಳಿ.

ಮರಿಸಿದ್ದಯ್ಯ


ಮಂಡ್ಯ
24 ಏಪ್ರಿಲ್ 2025, ಮಧ್ಯಾಹ್ನ

ಮರಿಸಿದ್ದಯ್ಯನವರೇ,

ಈ ಪತ್ರವನ್ನು ದೊಡ್ಡಸಿದ್ದಯ್ಯನೇ ಮೂರೂವರೆಯ ಬಸ್ಸಿನಲ್ಲಿ ತರುತ್ತಾನೆ. ನಿಯಮ ಹದಿನಾಲ್ಕಕ್ಕೆ ಭಂಗ ಬರಬಾರದೆಂದು ಅಂಚೆ ಚೀಟಿಯನ್ನೂ ಅಂಟಿಸಿದ್ದೇನೆ.

ಬೆಳಿಗ್ಗೆ ನಿಮ್ಮ ಪಾರ್ಸೆಲ್ ಬಂತು. ಬಿಚ್ಚಿದೆ. ಲಾಗ್ ಬುಕ್ಕಿನ ಬೆನ್ನಿಗೂ ರಟ್ಟಿನ ಮೂಲೆಗೂ ನಡುವೆ ನೂಲು ನೂಲಾಗಿ ಏನೋ ಕಟ್ಟಿಕೊಂಡಿತ್ತು, ಅದರ ಮಧ್ಯೆ ಹಳದಿ ಬಣ್ಣದ್ದೊಂದು ಕೂತಿತ್ತು. ಮೊದಲು ಕಡಲೆಕಾಯಿ ಅಂದುಕೊಂಡೆ. ನಾನು ಚಿಕ್ಕರಸಿನಕೆರೆಯವಳು, ಕಾಲುವೆ ಕಡೆಯವಳು. ನಮ್ಮಲ್ಲಿ ಕಬ್ಬು ಬಿಟ್ಟರೆ ಬತ್ತ, ಬತ್ತ ಬಿಟ್ಟರೆ ಕಬ್ಬು. ದೊಡ್ಡಸಿದ್ದಯ್ಯ ಮಳವಳ್ಳಿಯವನು. ಬಗ್ಗಿ ನೋಡಿ, "ಗೂಡು ಕಣವ್ವ. ಒಳ್ಳೆ ಗಟ್ಟಿ ಗೂಡು. ಉಳ ದಾರೀಲೇ ಕಟ್ಕಂಡದೆ. ಇನ್ನೂ ಎಳಸು, ಅಳ್ಳಾಡಿಸ್ಬ್ಯಾಡಿ" ಎಂದ.

ರೇಷ್ಮೆ ಹುಳುವಿಗೆ ದಿನಕ್ಕೆ ಎಷ್ಟು ಸಲ ತಿನ್ನಿಸುತ್ತಾರೆ ಎಂದು ಕೇಳಿದೆ. "ನಾಕೊತ್ತು" ಎಂದ. ನಾನು ಎದ್ದು ಹೋಗಿ ಗೋಡೆಯ ಗ್ರಾಫಿನ ಮುಂದೆ ನಿಂತೆ. ಅವನೂ ಬಂದು ನಿಂತ. ಗೆರೆಗಳ ಮೇಲೆ ಬೆರಳಿಟ್ಟು, "ಇದು ಸೊಪ್ಪಾಕೋ ಟೈಮು. ಈ ಎಲ್ಡ್ ಖಾಲಿ ದಿನ ಜ್ವರ" ಎಂದ. ಒಂಬತ್ತು ದಿನದಿಂದ ಇಡೀ ಕಚೇರಿ ನಿಮ್ಮ ಹುಳುಗಳ ಊಟದ ವೇಳಾಪಟ್ಟಿಗೆ ಕೈಮುಗಿದಿದೆ.

ನನಗೆ ಬಹಳ ಸಿಟ್ಟು ಬಂತು. ನಿಮ್ಮ ಹನ್ನೆರಡನೇ ತಾರೀಖಿನ ಪತ್ರ ಓದಿ ನಾನು ಬಚ್ಚಲಿಗೆ ಹೋಗಿ ಅತ್ತಿದ್ದೆ. ಯಾರಿಗಾಗಿ ಅತ್ತದ್ದೆಂದು ಈಗ ಗೊತ್ತಾಯಿತು.

ಆದರೆ ಸಿಟ್ಟು ಮಾಡುವ ಹಕ್ಕು ನನಗೂ ಇಲ್ಲ. ಬರೆಯಬೇಕೆಂದು ಬಿಟ್ಟಿದ್ದ ವಿಷಯವನ್ನು ಬರೆಯುತ್ತೇನೆ. ಹತ್ತನೇ ತಾರೀಖಿನ ಪರೀಕ್ಷೆ ಪರೀಕ್ಷೆಯಲ್ಲ. ಅವತ್ತು ಮಧ್ಯಾಹ್ನ ಎರಡೂ ಹತ್ತಕ್ಕೆ ಹಲಗೂರಿನ ಎಲ್ಲ ಫೋನುಗಳನ್ನೂ ಮೋಡಕ್ಕೆ ಸಾಗಿಸಿದೆವು. ನಿಮ್ಮ ಭಾಮೈದ ಹನ್ನೊಂದನೇ ತಾರೀಖು ಮಾತಾಡಿದ್ದು, ಅವನ ಹಸು ಕೂಗಿದ್ದು, ಎಲ್ಲ ಮೋಡದ ಮೂಲಕವೇ. ನಿಮ್ಮ ಪೆಟ್ಟಿಗೆ ಅವತ್ತಿನಿಂದ ಒಂದು ಕರೆಯನ್ನೂ ಮುಟ್ಟಿಲ್ಲ. ಏನಾದರೂ ಎಡವಟ್ಟಾದರೆ ಇರಲಿ ಎಂದು ಇಷ್ಟು ದಿನ ದೀಪ ಮಾತ್ರ ಉರಿಸಿಟ್ಟಿದ್ದೆವು. ದಿನಕ್ಕೆ ನಾಲ್ಕು ಸಲ ಎದುರಿಗೆ ಕೂರುವ ಮನುಷ್ಯನಿಗೆ ಅದು ಸತ್ತಿದೆ ಎಂದು ಹೇಗೆ ಹೇಳಲಿ?

ಈಗ ನಾಳೆಯ ಮಾತು. ಇಪ್ಪತ್ತೇಳರವರೆಗೆ ತಂಪು ಬೇಕೇಬೇಕು ಎಂದು ದೊಡ್ಡಸಿದ್ದಯ್ಯ ಹೇಳುತ್ತಾನೆ. ಜಯಪ್ರಕಾಶ್ ಸರ್ ನಾಳೆ ಬಂದೇ ಬರುತ್ತಾರೆ, ಪೇಟ ಕೊಂಡಾಗಿದೆ. ಜಗಲಿಯ ಮೇಲೆ ಒಂದು ಮೇಜು ಹಾಕಿ. ಅದರ ಮೇಲೆ ಒಂದು ದೊಡ್ಡ ಸ್ವಿಚ್ ಇಡಿ, ಅದಕ್ಕೆ ಯಾವ ತಂತಿಯೂ ಬೇಡ. ಸರ್ ಅದನ್ನು ಒತ್ತಲಿ. ವರದಿಯಲ್ಲಿ ನಾನು ಹೀಗೆ ಬರೆದಿದ್ದೇನೆ: "ಹಲಗೂರಿನ ಎಲ್ಲ ಸೇವೆಗಳೂ ಮೋಡಕ್ಕೆ ಹೋಗಿವೆ. ಬಾಕಿ ಒಂದು: ತಂಪು. ಇದನ್ನು ಪ್ರೋಗ್ರಾಂ ಮಾಡಲು ಸಾಧ್ಯವಾಗಿಲ್ಲ. 28ಕ್ಕೆ ಮುಕ್ತಾಯ." ಅವರು ಓದದೆ ಸಹಿ ಹಾಕಿದರು.

ಬಾಗಿಲು ಕಾಯುವುದು ನಿಮ್ಮ ಕೆಲಸ.

ಅಮೃತ


ಹಲಗೂರು
28 ಏಪ್ರಿಲ್ 2025

ಮಗಳೇ ಅಮೃತ,

ಸನ್ಮಾನದ ದಿನ ನಿಮ್ಮ ಮುಖ ನೋಡಿದ್ದೇ ಹೊರತು ಮಾತಾಡಲು ಆಗಲಿಲ್ಲ, ನಡುವೆ ನಿಮ್ಮ ಮ್ಯಾನೇಜರು ಇದ್ದರು. ನೀವು ಕಾರಿನ ಹತ್ತಿರ ನಿಂತಿದ್ದಾಗ ಬಾಗಿಲಲ್ಲಿ ಏನಾಯಿತೆಂದು ನಿಮಗೆ ಗೊತ್ತಿಲ್ಲ. ಬರೆಯುತ್ತೇನೆ.

ಸ್ವಿಚ್ ಒತ್ತಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರಲ್ಲ, ಆಗ ನಿಮ್ಮ ಮ್ಯಾನೇಜರು ಪೆಟ್ಟಿಗೆಯನ್ನು ಕೊನೆಯ ಸಲ ನೋಡುತ್ತೇನೆ ಎಂದು ನೇರ ಬಾಗಿಲಿಗೆ ನಡೆದರು. ನಾನು ಹಿಂದೆಯೇ ಓಡಿದೆ. ತಲೆ ಮೇಲೆ ಪೇಟ ಬೇರೆ. ಬಾಗಿಲಲ್ಲಿ ಪಟ್ಟಲಮ್ಮ ನಿಂತಿದ್ದಳು.

"ಯಾರ್ ಸಾ ನೀವು?"

"ನಾನು ಮ್ಯಾನೇಜರಮ್ಮ."

"ಮ್ಯಾನೇಜ್ರಾಗ್ಲಿ ಮಾರಾಜ್ರಾಗ್ಲಿ, ಬೀದಿ ಕಾಲಲ್ಲಿ ಒಳಕ್ ಬುಡಾಕಿಲ್ಲ. ಬೂಟ್ ಬಿಚ್ಚಿ, ಆ ತೊಟ್ಟೀಲಿ ಕಾಲದ್ದಿ. ಬಿಳಿ ಪುಡಿ ಆಕಿವ್ನಿ, ಎದ್ರಬ್ಯಾಡಿ. ಕೈಗೂ ಉಜ್ಕಳಿ."

ಅವರು ಬೂಟು ಬಿಚ್ಚಿದರು ಮಗಳೇ! ಪ್ಯಾಂಟು ಮಡಚಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲಿಟ್ಟು ನಿಂತರು. ನನ್ನ ಕಡೆ ತಿರುಗಿ, "ಬೆಂಗಳೂರಿನ ಡೇಟಾ ಸೆಂಟರಿನಲ್ಲೂ ಇಷ್ಟು ಶಿಸ್ತು ಕಂಡಿಲ್ಲ" ಎಂದರು. ನಾನು ಪೇಟ ಸರಿಮಾಡಿಕೊಂಡೆ. ಇನ್ನೇನು ಒಳಗೆ ಕಾಲಿಡಬೇಕು, ಇವಳು ಮೂಗೆಳೆದಳು.

"ಬೀಡಿ ಸಿಗ್ರೇಟು ಸೇದಿದ್ರಾ?"

"ಬರುವಾಗ ಒಂದು..."

"ಅಂಗಾರೆ ಇವತ್ತಾಗಾಕಿಲ್ಲ. ಓಗಿ ಊಟ ಮಾಡಿ, ಮುದ್ದೆ ಆರೋಯ್ತದೆ."

ತಂಬಾಕಿನ ವಾಸನೆ ಹುಳುವಿಗೆ ವಿಷ. ಅವರು ಅದನ್ನೂ ಶಿಸ್ತು ಎಂದೇ ತಿಳಿದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸಂತೆ. ಊಟಕ್ಕೆ ಕೂತಾಗ ಸ್ವಿಚ್ ಒತ್ತಿದರೂ ಎಸಿ ಯಾಕೆ ಗುಂಯ್ ಎನ್ನುತ್ತಿದೆ ಎಂದು ಅವರು ಕೇಳಿದ್ದು, "ಪೆಟ್ಟಿಗೆ ತಣ್ಣಗಾಗಲು ಮೂರು ದಿನ ಬೇಕು ಸರ್" ಎಂದು ನೀವು ಹೇಳಿದ್ದು ನನಗೆ ಕೇಳಿಸಿತು. ಸುಳ್ಳು ಹೇಳುವುದು ನಿಮಗೂ ಚೆನ್ನಾಗಿ ಬರುತ್ತದೆ.

ನಿನ್ನೆ ಗೂಡು ಬಿಡಿಸಿದೆವು. ಹುಳು ಗೂಡು ಕಟ್ಟುವ ಚಂದ್ರಿಕೆ ತಟ್ಟಿಗಳಲ್ಲಿ ಬಿದಿರೇ ಕಾಣದ ಹಾಗೆ ಹಳದಿ ತುಂಬಿತ್ತು. ಇವತ್ತು ಬೆಳಿಗ್ಗೆ ರಾಮನಗರದ ಮಾರುಕಟ್ಟೆಯಲ್ಲಿ ಕೊಳ್ಳುವವನು ರಾಶಿಯೊಳಗೆ ಮೊಳಕೈತನಕ ಕೈ ಹಾಕಿ ತಿರುವಿ ನೋಡಿದ. ಕಲೆಯಾದ ಗೂಡು ಒಂದೂ ಸಿಗಲಿಲ್ಲ. "ಯಾರಮ್ಮ ಸಾಕಿದ್ದು?" ಎಂದು ಕೇಳಿದ. ಇವಳು "ನಾನು" ಎಂದಳು. ಅಷ್ಟೇ ಹೇಳಿದ್ದು. ಬಸ್ಸಿನಲ್ಲಿ ಬರುವಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕನಕಪುರದವರೆಗೂ ಅತ್ತಳು. ನಾನು ಕಿಟಕಿಯ ಆಚೆ ನೋಡುತ್ತ ಕೂತಿದ್ದೆ.

ಇನ್ನು ನನ್ನ ಮಾತು. ನನಗೆ ಬೇಜಾರಾಗಿದೆ, ಮುಚ್ಚಿಡುವುದಿಲ್ಲ. ಹುಳದ ವಿಚಾರದಲ್ಲಿ ನಾನು ಸುಳ್ಳುಗಾರ, ಒಪ್ಪಿದೆ. ಆದರೆ ಆ ಪತ್ರದಲ್ಲಿ ಒಂದು ಸಾಲು ನಿಜವಿತ್ತು. ಎಂಟು ಗಂಟೆಯ ಸೊಪ್ಪು ಹಾಕಿ ಪಟ್ಟಲಮ್ಮ ಮನೆಗೆ ಹೋದ ಮೇಲೆ ನಾನು ಪೆಟ್ಟಿಗೆಯ ಎದುರು ಸ್ವಲ್ಪ ಹೊತ್ತು ಕೂರುತ್ತಿದ್ದೆ. ದೀಪ ಮಿನುಗುವುದನ್ನು ನೋಡಿ, ಊರು ಮಾತಾಡುತ್ತಿದೆ ಎಂದುಕೊಳ್ಳುತ್ತಿದ್ದೆ. ಇಪ್ಪತ್ತೆಂಟು ವರ್ಷ ಅದರ ಜೊತೆಗಿದ್ದವನು. ಅದರ ಜೀವ ಹೋಗಿ ಎರಡು ವಾರವಾದರೂ ನನಗೆ ತಿಳಿಯಲಿಲ್ಲ. ನಾನಿಲ್ಲದೆ, ಅದಿಲ್ಲದೆ ಊರು ಮಾತಾಡುತ್ತಲೇ ಇತ್ತು. ಹಾಗಿದ್ದ ಮೇಲೆ ಇಷ್ಟು ವರ್ಷ ನಾನು ಏನನ್ನು ಕಾಯುತ್ತಿದ್ದೆ ಎಂಬುದೇ ತಿಳಿಯುತ್ತಿಲ್ಲ.

ಪಟ್ಟಲಮ್ಮ ತನ್ನದೂ ಎರಡು ಮಾತು ಬರೆ ಎನ್ನುತ್ತಾಳೆ. ಅವಳು ಹೇಳಿದ ಹಾಗೇ ಬರೆಯುತ್ತಿದ್ದೇನೆ.

"ಅಮೃತ, ನಾನು ಪಟ್ಟಲಮ್ಮ ಕಣವ್ವ. ಇವ್ರು ನಾಕ್ ದಿನದಿಂದ ಮಂಕಾಗವ್ರೆ. ಉಳ ಪೊರೆ ಬಿಡೋದ್ನ ಜನ್ಮ ಪೂರ್ತಿ ಕಂಡವ್ರೆ, ಪೊರೆ ಇಡ್ಕಂಡು ಯಾರಾರಾ ಅಳ್ತಾರಾ? ಇವ್ರಿಗೆ ಏನಾರಾ ಕೆಲ್ಸ ಕೊಡವ್ವ. ಮನೇಲಿ ಕುಂತ್ರೆ ನನ್ ತಲೆ ತಿಂತಾರೆ. ಆ ಗೂಡ್ನ ನೀರಿಗಾಕಿ ಬೇಯಿಸ್ಬ್ಯಾಡ, ಅಂಗೇ ಮಡಗು. ನಮ್ಮನೆ ಸುದ್ದಿ ನಿಂಗೆ ಮುಟ್ಸಿದ್ದು ಅದೇಯ."

ಮರಿಸಿದ್ದಯ್ಯ


ಮಂಡ್ಯ
12 ಮೇ 2025

ಪ್ರೀತಿಯ ಮರಿಸಿದ್ದಯ್ಯನವರಿಗೆ, ಪಟ್ಟಲಮ್ಮನವರಿಗೆ,

ಗೂಡನ್ನು ಬೇಯಿಸಲಿಲ್ಲ. ಆರನೇ ತಾರೀಖು ಅದನ್ನು ತೂತು ಮಾಡಿಕೊಂಡು ಬಿಳಿ ಚಿಟ್ಟೆ ಹೊರಗೆ ಬಂತು. ಹಾರುತ್ತದೆ ಎಂದು ಕಿಟಕಿ ತೆಗೆದೆ. ಅದು ಹಾರದೆ 1998ರ ಕೈಪಿಡಿಯ ಮೇಲೆ ಹೋಗಿ ಕೂತಿತು.

ಮೊದಲು ಕಚೇರಿಯ ಮಾತು. ಎರಡೂ ಎಸಿಗಳನ್ನು "ಸಾಗಿಸುವ ಖರ್ಚಿಗಿಂತ ಬೆಲೆ ಕಡಿಮೆ, ಇದ್ದಲ್ಲೇ ಬಿಡುವುದು" ಎಂದು ಗುಜರಿ ಪಟ್ಟಿಗೆ ಸೇರಿಸಿದ್ದೇನೆ. ಕರಾರಿನ ಪ್ರಕಾರ ಕಟ್ಟಡ ಪಟ್ಟಲಮ್ಮನವರ ತಂದೆಯ ಜಾಗದಲ್ಲಿರುವುದರಿಂದ ಅವರಿಗೇ ವಾಪಸ್ಸು. ಕರೆಂಟು ಮೀಟರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇನ್ನು ಅಲ್ಲಿ ಯಾವ ಸೆನ್ಸರೂ ಇಲ್ಲ, ಬಾಗಿಲನ್ನು ನಲವತ್ತು ಸಲ ಬೇಕಾದರೂ ತೆಗೆಯಿರಿ.

ಇನ್ನೊಂದನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಹಲಗೂರು ನಮ್ಮ ಕೊನೆಯ ಎಕ್ಸ್‌ಚೇಂಜ್. ಅದು ಮುಗಿದ ದಿನವೇ ನಮ್ಮ ಮಂಡ್ಯ ಕಚೇರಿಯ ಕಥೆಯೂ ಮುಗಿಯುತ್ತದೆ ಎಂದು ಮಾರ್ಚಿನಲ್ಲೇ ತಿಳಿದಿತ್ತು. ಪೆಟ್ಟಿಗೆಗಳೇ ಇಲ್ಲದ ಮೇಲೆ ಅವನ್ನು ನೋಡಿಕೊಳ್ಳುವವರು ಎಲ್ಲಿ ಕೂತರೇನು ಎಂಬುದು ಕಂಪನಿಯ ವಾದ. ನಿಮ್ಮ ಒಂದೊಂದು ಆಕ್ಷೇಪ ಬಂದಾಗಲೂ ಜಯಪ್ರಕಾಶ್ ಸರ್ ಮುಖ ಸಿಂಡರಿಸಿದರೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಇನ್ನೊಂದು ವಾರ ಸಿಕ್ಕಿತಲ್ಲ ಅಂತ. ನಿಮಗೆ ಮುದ್ದೆ ಇಳಿಯದ ದಿನಗಳಲ್ಲಿ ನನಗೂ ಇಳಿಯುತ್ತಿರಲಿಲ್ಲ.

ಕೆಲಸ ಹೋಗಿಲ್ಲ. ಜೂನ್ ಒಂದರಿಂದ ಚಿಕ್ಕರಸಿನಕೆರೆಯ ನಮ್ಮ ಮನೆಯಿಂದಲೇ ಕೆಲಸ ಮಾಡಬೇಕಂತೆ. ಇಡೀ ರಾಜ್ಯದ ಫೋನುಗಳನ್ನು ನೋಡಿಕೊಳ್ಳುವ ಮೋಡಕ್ಕೆ ನಮ್ಮ ಹಜಾರದಿಂದ ಕೈ ಹಾಕಬೇಕು. ಆದರೆ ನಮ್ಮ ಮನೆಯಲ್ಲಿ ಮೊಬೈಲು ಸಿಗ್ನಲ್ ಬರುವುದು ದನದ ಕೊಟ್ಟಿಗೆಯ ಉತ್ತರದ ಮೂಲೆಯಲ್ಲಿ ಮಾತ್ರ. ಹೋದ ವಾರ ಅಲ್ಲಿ ಕೂತು ಮೀಟಿಂಗ್ ಮಾಡಿದೆ. ಎಮ್ಮೆ ನನ್ನ ಹೆಗಲ ಮೇಲಿಂದ ಇಣುಕಿತು. ದಿಲ್ಲಿಯ ದೊಡ್ಡ ಸಾಹೇಬರು ಹೊಸ ಸಿಬ್ಬಂದಿಯೇ ಎಂದು ಕೇಳಿದರು. ಕೆಲಸ ಕಳೆದುಕೊಂಡು ಕೊಟ್ಟಿಗೆ ಸೇರಿದ್ದೇನೆ ಎಂದು ಅಮ್ಮ ನಂಬಿಬಿಟ್ಟಿದ್ದಾಳೆ.

ಇಷ್ಟು ವರ್ಷ ಏನನ್ನು ಕಾಯುತ್ತಿದ್ದೆ ಎಂದು ಕೇಳಿದ್ದೀರಿ. ನನಗೆ ಕೊಟ್ಟಿಗೆಯಲ್ಲಿ ಉತ್ತರ ಸಿಕ್ಕಿತು. ಪೆಟ್ಟಿಗೆಯ ಕೆಲಸವನ್ನೆಲ್ಲ ಮೋಡಕ್ಕೆ ಸಾಗಿಸಿದೆವು, ಸರಿ. ಆದರೆ ಮೋಡದಿಂದ ಮನೆಯವರೆಗೆ ತಂತಿ ಬೇಕು. ಆ ತಂತಿಯನ್ನು ಕಂಬ ಹತ್ತಿ ಎಳೆಯುವುದು ಯಾವ ಪ್ರೋಗ್ರಾಮಿಗೂ ಬರುವುದಿಲ್ಲ. ಮದ್ದೂರು, ಮಳವಳ್ಳಿ ಎರಡೂ ತಾಲ್ಲೂಕುಗಳಲ್ಲಿ ಫೈಬರ್ ಎನ್ನುವ ಹೊಸ ಗಾಜಿನ ತಂತಿ ಎಳೆಯುವ ಕೆಲಸ ಶುರುವಾಗುತ್ತಿದೆ. ಯಾವ ಊರಿನ ಯಾವ ಕಂಬ ಎಲ್ಲಿದೆ ಎಂದು ಬಲ್ಲವರು ಯಾರೂ ಉಳಿದಿಲ್ಲ. ನಿಮ್ಮ ಲಾಗ್ ಬುಕ್ ತೋರಿಸಿ ನಿಮ್ಮ ಹೆಸರು ಬರೆಸಿದ್ದೇನೆ. ಈ ಸಲ ಗ್ರಾಫ್ ತೋರಿಸಲಿಲ್ಲ.

ಮೊದಲ ತಂತಿ ನಮ್ಮ ಮನೆಗೆ ಬೇಕು. ಬರುತ್ತೀರಾ?

ಅಮೃತ


ಹಲಗೂರು
16 ಮೇ 2025

ಮಗಳೇ ಅಮೃತ,

ನಿನ್ನ ಕಾಗದವನ್ನು ಪಟ್ಟಲಮ್ಮನಿಗೆ ಎರಡು ಸಲ ಓದಿ ಹೇಳಿದೆ. ಎಮ್ಮೆಯ ಭಾಗವನ್ನು ಮೂರು ಸಲ. ಇನ್ನು ಮೇಲೆ ಬಹುವಚನ ಬೇಡ ಅನಿಸಿತು, ತಪ್ಪು ತಿಳಿಯಬೇಡ.

ಬರುತ್ತೇನೆ. ನನ್ನ ಏಣಿ ಗಟ್ಟಿಯಿದೆ, ಮೊಣಕಾಲೂ ಪರವಾಗಿಲ್ಲ. ಚಿಕ್ಕರಸಿನಕೆರೆಯಲ್ಲಿ ದೇವಸ್ಥಾನದ ಹಿಂದಿನ ಮೂರನೇ ಕಂಬ ವಾಲಿದೆ, 2003ರಲ್ಲೇ ಬರೆದುಕೊಟ್ಟಿದ್ದೆ, ಯಾರೂ ಸರಿಮಾಡಿಲ್ಲ. ಅಲ್ಲಿಂದಲೇ ಶುರುಮಾಡುತ್ತೇನೆ. ಗುರುವಾರ ಮೊದಲ ಬಸ್ಸಿಗೆ ಹೊರಡುತ್ತೇವೆ. "ತ್ತೇವೆ" ಎಂದದ್ದು ಪಟ್ಟಲಮ್ಮನೂ ಬರುವುದರಿಂದ. ಹೊಸ ಹುಳು ತಂದಿದ್ದಾಳೆ. ಒಂದು ತಟ್ಟೆ ತಂದು ನಿನಗೆ ತೋರಿಸಬೇಕಂತೆ. ಕಾಲುವೆ ಕಡೆಯ ಹುಡುಗಿ ಗೂಡನ್ನು ಕಡಲೆಕಾಯಿ ಅಂದದ್ದು ಅವಳಿಗೆ ಇನ್ನೂ ಅರಗಿಲ್ಲ. ಓರಗಿತ್ತಿ ನಿನ್ನೆ ಬಂದು ತನ್ನ ಹುಳುಗಳನ್ನೂ ಎಕ್ಸ್‌ಚೇಂಜಿನಲ್ಲಿ ಇಡಲು ಜಾಗ ಕೇಳಿದಳು. "ಕಾಗ್ದದಲ್ಲಿ ಬರ್ದ್ ಕೊಡು, ನೋಡಾನ" ಎಂದಳು ಇವಳು.

ನನ್ನದೊಂದು ಕೊನೆಯ ಆಕ್ಷೇಪ. ನಿಮ್ಮ ಮನೆಯಲ್ಲಿ ಬೀಡಿ ಸಿಗರೇಟು ಸೇದುವವರು ಯಾರಾದರೂ ಇದ್ದಾರೆಯೇ? ಇದ್ದರೆ ಗುರುವಾರ ಒಂದು ದಿನ ಹೊಲದ ಕಡೆ ಕಳುಹಿಸು.

ಇದಕ್ಕೆ ಅಂಚೆಯಲ್ಲಿ ಉತ್ತರ ಬರೆಯುತ್ತ ಕೂರಬೇಡ, ಗುರುವಾರದೊಳಗೆ ತಲುಪುವುದಿಲ್ಲ. ಕೊಟ್ಟಿಗೆಯ ಉತ್ತರದ ಮೂಲೆಗೆ ಹೋಗಿ ಫೋನ್ ಮಾಡು. ಈ ಸಲ ಇಟ್ಟುಬಿಡುವುದಿಲ್ಲ, ಮಾತಾಡುತ್ತೇನೆ.

ಮರಿಸಿದ್ದಯ್ಯ